ಗೆತ್ರುಬಾಯಿ ಹಿಡಿದ ವೀಳ್ಯ

ಬಡಗಣ ಒಡ್ಡಿನ ಮಣ್ಣು ಪೂರಾ ಹಂಚಿನ ಕಾರ್ಖಾನೆಗೆ. ಬದಲಿಗೆ ಊರಿನ ಪ್ರತಿ ಮನೆಗೂ ಸೋಗೆಯ ಸೂರು ತೆಗೆದು ಹೊಸ ಹಂಚಿನ ಮಾಡು. ವ್ಯವಹಾರ ಇಷ್ಟೇ. ಕೇಳಲಿಕ್ಕೆ ಚೆನ್ನಾಗಿಯೇ ಇತ್ತು. ಆದರೆ ಸಮುದ್ರದ ಉಪ್ಪುನೀರು ಗದ್ದೆಗೆ, ಬಾವಿಗೆ ನುಗ್ಗದಂತೆ ತಡೆದಿದ್ದದ್ದು ಅದೇ ಒಡ್ಡು.

ಯಾವ ಕಾಲದ್ದು ಅಂತ ಕೇಳಬೇಡಿ. ಹೊಳೆ ಸಮುದ್ರ ಸೇರುವಲ್ಲಿ ಒಂದು ಊರಿತ್ತಂತೆ. ಆ ಊರಿಗೆ ಜರ್ಮನಿಯಿಂದ ಒಬ್ಬಳು ಬಂದಳಂತೆ. ಹೆಸರು ಗೆರ್ಟ್ರೂಡ್, ಊರವರ ನಾಲಿಗೆಯಲ್ಲಿ ಗೆತ್ರುಬಾಯಿ. ಗಂಡ ಹಂಚಿನ ಕಾರ್ಖಾನೆಯ ಮೇಸ್ತ್ರಿ. ಜ್ವರ ಬಂದು ತೀರಿಕೊಂಡ. ಇನ್ನು ಇವಳು ಹಡಗು ಹತ್ತುತ್ತಾಳೆ ಅಂದುಕೊಂಡರು, ಹತ್ತಲಿಲ್ಲ. ಅವಳ ತವರಿನ ಹೊಳೆ ಕಾರ್ಖಾನೆಯ ಕೊಳೆ ಕುಡಿದು ಸತ್ತುಹೋಗಿತ್ತಂತೆ. ಅದಕ್ಕೇ ಈ ಹೊಳೆಯ ಮೇಲೆ ಅವಳಿಗೆ ಪ್ರೀತಿಗಿಂತ ಹೆದರಿಕೆ ಹೆಚ್ಚು. ಬೆಳಗಾದರೆ ಬಾವಿಯಿಂದ ಬಾವಿಗೆ ಹೋಗಿ ನೀರನ್ನು ನಾಲಿಗೆಗೆ ಹಚ್ಚಿ ನೋಡುವಳಂತೆ.

ಕನ್ನಡ ಕಲಿತಳು. ಹೊಳೆ, ಒಡ್ಡು, ಏಡಿ, ಮೀನು ಇವನ್ನೆಲ್ಲ ಯಾಕೆ ಕಾಯಬೇಕು ಅಂತ ಹಾಳೆಹಾಳೆ ಬರೆದು, ದೋಣಿ ನಿಲ್ಲುವ ದಕ್ಕೆಯ ಗೋಡೆಗೆ ಅಂಟಿಸಿದಳು. ಬಲ್ಲವರು ಓದಿದರು, ಉಳಿದವರು ಓದಿಸಿಕೊಂಡರು. ಅವಳ ಹಾಳೆ ಮಳೆಗೂ ನೆನೆಯುತ್ತಿರಲಿಲ್ಲ ಅನ್ನುತ್ತಾರೆ. ಸುಳ್ಳು ಬಿಡಿ, ನೆನೆದರೆ ಮತ್ತೆ ಬರೆಯುತ್ತಿದ್ದಳು. ಕಡೆಗೆ ಊರವರೇ ಅವಳನ್ನು ಪಂಚಾಯ್ತಿಯಲ್ಲಿ ಕೂರಿಸಿದರಂತೆ.

ಒಡ್ಡಿನ ಮಣ್ಣನ್ನು ಕಾರ್ಖಾನೆಗೆ ಸಾಗಿಸುವ ಗುತ್ತಿಗೆ ಕೇಳಿದವನು ಹೊನ್ನಪ್ಪಯ್ಯ. ಪಂಚಾಯ್ತಿ ಅರ್ಧಕ್ಕರ್ಧ ಒಡೆದಿತ್ತು. ಗೆತ್ರುಬಾಯಿಯ ಕೈ ಯಾರ ಕಡೆಗೋ ತೀರ್ಮಾನವೂ ಅವರ ಕಡೆಗೆ. ಹೊನ್ನಪ್ಪಯ್ಯ ಜಗಳಕ್ಕೆ ಹೋಗಲಿಲ್ಲ. ಮನೆಗೆ ಕರೆದು ಎಳನೀರು ಕೊಟ್ಟ. ಹೊರಡುವಾಗ, "ನಮ್ಮ ಗುತ್ತಿಗೆ ನೆನಪಿರಲಿ, ಬಾಯಿ" ಅಂತ ಹರಿವಾಣದಲ್ಲಿ ವೀಳ್ಯ ಚಾಚಿದ. ಉಪಚಾರ ಅಂದುಕೊಂಡು ಅವಳು ತೆಗೆದುಕೊಂಡಳಂತೆ. ಆ ಊರಲ್ಲಿ ಕೆಲಸದ ಮಾತಿನ ಮೇಲೆ ವೀಳ್ಯ ಹಿಡಿದರೆ ಒಪ್ಪಿದ ಹಾಗೆ. ರುಜುವಿಗಿಂತ ಗಟ್ಟಿ.

ಪಂಚಾಯ್ತಿ ಕೂಡಿದ ದಿನ ಹೊನ್ನಪ್ಪಯ್ಯ ಎದ್ದುನಿಂತು ಅದನ್ನೇ ಹೇಳಿದ.

ಮಣ್ಣು ಹೊರುವವರ ಹಿರಿಯಳು ಬೀರಜ್ಜಿ ಹಿಂದಿನಿಂದ ಕೂಗಿದಳು: "ಹೌದೇನೇ ಬಾಯಿ? ಹಿಡಿದೆಯಾ?"

"ಹಿಡಿದೆ, ಅಜ್ಜಿ."

"ತಿಂದೆಯಾ?"

"ತಿಂದೆ. ಸುಣ್ಣ ಜಾಸ್ತಿ ಇತ್ತು."

ಯಾರೋ ನಕ್ಕರು, ಅಲ್ಲಿಗೇ ನಿಲ್ಲಿಸಿದರು. "ಗೊತ್ತಿರಲಿಲ್ಲ ಅಂದುಬಿಡೇ ಮಾರಾಯ್ತಿ!" ಅಂದಳು ಬೀರಜ್ಜಿ. ಪರದೇಶದವಳು ಅಂತ ವೀಳ್ಯ ಹಿಡಿದು ಕೊಟ್ಟ ಈ ಮಾತನ್ನು ಲೆಕ್ಕಕ್ಕೆ ಬಿಟ್ಟರೆ, ಗೋಡೆಯ ಮೇಲೆ ನಾನು ಬರೆದ ಮಾತನ್ನೂ ಲೆಕ್ಕಕ್ಕೆ ಬಿಡಬೇಕಾಗುತ್ತದೆ ಅಂದಳಂತೆ ಗೆತ್ರುಬಾಯಿ. ಅಂದು, ಹೊನ್ನಪ್ಪಯ್ಯನ ಪರ ಕೈ ಎತ್ತಿದಳಂತೆ. ಆಮೇಲೆ ಪಂಚಾಯ್ತಿ ಬಿಟ್ಟು ಇಳಿದು ಹೋದಳು. ಅಷ್ಟು ದುಬಾರಿ ಎಲೆಯನ್ನು ಆ ಕರಾವಳಿಯಲ್ಲಿ ಯಾರೂ ತಿಂದಿಲ್ಲ.

ಊರು ಉಗಿಯಿತು. ಮಾರಿಕೊಂಡಳು ಅಂದಿತು. ಮರುದಿನ ದಕ್ಕೆಯ ಗೋಡೆಯ ಮೇಲೆ ಒಂದೇ ಹಾಳೆ: "ವೀಳ್ಯದ ಅರ್ಥ ತಿಳಿಯದೆ ಹಿಡಿದೆ. ನನ್ನ ಮಾತು ಖರ್ಚಾಯಿತು. ನಿಮ್ಮದು ಇನ್ನೂ ನಿಮ್ಮ ಹತ್ತಿರವೇ ಇದೆ."

ಮಣ್ಣು ಕಡಿಯಲು ಆಳು ಬೇಕು, ಸಾಗಿಸಲು ದೋಣಿ ಬೇಕು. ವೀಳ್ಯ ಹಿಡಿಯದೆ ಅಲ್ಲಿ ಯಾರೂ ಕೆಲಸಕ್ಕೆ ಇಳಿಯುವುದಿಲ್ಲ. ಹೊನ್ನಪ್ಪಯ್ಯ ಹರಿವಾಣ ಹಿಡಿದು ಬೀರಜ್ಜಿಯ ಬಾಗಿಲಿಗೆ ಬಂದ. "ಹಲ್ಲಿಲ್ಲ ಮಗನೇ, ಎಲೆ ಜಗಿಯಲಾರೆ" ಅಂದಳು. ಅವಳ ಗಂಡುಮಕ್ಕಳು? ಅವರಿಗೆ ಹಲ್ಲುನೋವು. ದೋಣಿಯವರ ಕೇರಿಗೆ ಹೋದರೆ ಅಲ್ಲಿ ಎಲ್ಲರಿಗೂ ಹಲ್ಲುನೋವು! ಎಲೆ ಹರಿವಾಣದಲ್ಲೇ ಬಾಡಿತು.

ಹೊರಗಿನ ಆಳುಗಳನ್ನು ತಂದ. ಅವರು ಒಡ್ಡಿನ ಒಂದು ಮೂಲೆ ಕಡಿದರು. ಹುಣ್ಣಿಮೆಯ ಉಬ್ಬರಕ್ಕೆ ಉಪ್ಪುನೀರು ಒಳನುಗ್ಗಿ ಎರಡು ಬಾವಿ ಕೆಟ್ಟವು. ಅದರಲ್ಲಿ ಒಂದು, ಆ ಆಳುಗಳೇ ಕುಡಿಯುತ್ತಿದ್ದ ಬಾವಿ. ಗಂಟುಮೂಟೆ ಕಟ್ಟಿದರು. ಊರವರು ಓಡಿಬಂದು ಮೂಲೆ ಮುಚ್ಚಿದರು. ಮಣ್ಣು ಹೊತ್ತವರಲ್ಲಿ ಗೆತ್ರುಬಾಯಿಯೂ ಇದ್ದಳಂತೆ, ಯಾರೂ ಮಾತಾಡಿಸಲಿಲ್ಲವಂತೆ. ಮಳೆ ಹಿಡಿಯಿತು, ಗುತ್ತಿಗೆಯ ಗಡುವು ಮುಗಿಯಿತು.

ಈಗಲೂ ಆ ಊರಲ್ಲಿ ವೀಳ್ಯ ಚಾಚಿದರೆ ಕೈ ಹಿಂದೆ ಕಟ್ಟಿಕೊಂಡು, "ಯಾವುದಕ್ಕೆ?" ಅಂತ ಕೇಳಿಯೇ ಹಿಡಿಯುತ್ತಾರೆ. ಮದುವೆಯಲ್ಲೂ ಅಷ್ಟೇ, ಬೀಗರು ಸಿಟ್ಟಾದರೆ ಆಗಲಿ.

ಕೂಡಿ ಕಳೆದರೆ ಸಿಕ್ಕಿದ್ದಿಷ್ಟು: ಹಂಚಿನ ಮಾಡು ಯಾರಿಗೂ ಬರಲಿಲ್ಲ, ಆ ತಲೆಮಾರು ಸೋಗೆಯ ಕೆಳಗೇ ಕಳೆಯಿತು. ಎರಡು ಬಾವಿ ಇಂದಿಗೂ ಉಪ್ಪು. ಉಳಿದವೆಲ್ಲ ಸಿಹಿ.