ಒಂದು ಸೇರು ಮಾವು ಎಲ್ಲಿ ಹೋಯಿತು?

ಶಿಷ್ಯ ಮಡಿವಾಳಯ್ಯ ಬಟ್ಟೆಬರೆ ಗಂಟು ಕಟ್ಟಿಕೊಂಡು ಬಂದು ಗುರುಗಳ ಮುಂದೆ ನಿಂತ.

"ಸೋಮಲಿಂಗನಿಗೂ ನನಗೂ ಒಟ್ಟಿಗೇ ಪಾಠ ಹೇಳಿದಿರಿ. ಅವನು ಬಾಯಿ ತೆರೆದರೆ ಜನ ಊಟ ಮರೆತು ಕೇಳುತ್ತಾರೆ. ನನಗೆ ನಾಲ್ಕು ಮಾತು ಹೊರಡುವುದಿಲ್ಲ. ನನಗೆ ಕಡಿಮೆ ಕೊಟ್ಟಿರಾ, ಗುರುಗಳೇ? ಹಾಗಿದ್ದರೆ ನಾನು ಇಲ್ಲಿದ್ದು ಏನು ಮಾಡಲಿ?"

ಗುರುಗಳು ಗಂಟನ್ನೊಮ್ಮೆ ನೋಡಿ ನಕ್ಕರು. ಹೋಗುವವನನ್ನು ತಡೆಯುವುದಿಲ್ಲ, ಒಂದು ಕತೆ ಕೇಳಿಕೊಂಡು ಹೋಗು ಎಂದು ಕೂರಿಸಿ ಹೇಳತೊಡಗಿದರು.

ಒಬ್ಬ ಅತ್ತೆಗೆ ಇಬ್ಬರು ಸೊಸೆಯರು. ಬೇಸಿಗೆ ಬಂತೆಂದರೆ ಆ ಮನೆಯಲ್ಲಿ ಗುಳಂಬದ ಗಡಿಬಿಡಿ. ಮಾವಿನಕಾಯಿ ಹೆಚ್ಚಿ ಬೆಲ್ಲದಲ್ಲಿ ಕುದಿಸಿ ಭರಣಿಗೆ ತುಂಬುವುದು, ಆಯಾ ಸೊಸೆಯ ಭರಣಿ ಅವರವರ ತವರಿಗೆ ಹೋಗುವುದು, ಇದು ಅಲ್ಲಿಯ ರೂಢಿ. ಅತ್ತೆ ಕಾಯಿಯ ಸಿಪ್ಪೆ, ಗೊರಟೆ ತೆಗೆಸಿ, ತಕ್ಕಡಿ ಹಿಡಿದು ಇಬ್ಬರಿಗೂ ಸಮಸಮ ತೂಗಿ ಕೊಟ್ಟಳು. ಬೆಲ್ಲವನ್ನೂ ಹಾಗೆಯೇ ತೂಗಿಟ್ಟಳು.

ಹಿರಿಯ ಸೊಸೆಗೆ ಯಾವ ಕೆಲಸವೂ ಬೇಗ ಮುಗಿಯಬೇಕು. ದಪ್ಪ ದಪ್ಪ ಹೋಳು ಮಾಡಿ ಎದ್ದಳು. ಕಿರಿಯವಳು ಕೂತು ಸಣ್ಣಗೆ ಹೆಚ್ಚಿದಳು. ಎಷ್ಟು ದೊಡ್ಡ ಭರಣಿ ಬೇಕೆಂದು ತಿಳಿಯಲು ಇಬ್ಬರೂ ಹೋಳನ್ನು ಹಿತ್ತಾಳೆಯ ಸೇರಿಗೆ ತುಂಬಿ ಅಳೆದರು. ಹಿರಿಯವಳದು ನಾಲ್ಕು ಸೇರಾಯಿತು. ಕಿರಿಯವಳದು ಮೂರಕ್ಕೇ ನಿಂತುಹೋಯಿತು.

ಪಾಪ, ಕಿರಿಯವಳ ಮುಖ ಬಾಡಿತು. ಅವಳು ಆ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಚಿಕ್ಕ ಭರಣಿ ತವರಿಗೆ ಹೋದರೆ ಅವ್ವ ಏನೆಂದುಕೊಂಡಾಳು, ಮಗಳಿಗೆ ಅಲ್ಲಿ ಇಷ್ಟೇ ಬೆಲೆ ಎಂದಲ್ಲವೇ? ಅತ್ತೆಯ ತಕ್ಕಡಿ ಹಿರಿಯವಳ ಕಡೆಗೇ ವಾಲಿದೆ ಎಂದು ಅವಳಿಗೆ ಖಾತ್ರಿಯಾಯಿತು. ಗಂಡನನ್ನು ಹಿತ್ತಲಿಗೆ ಕರೆದು, ನಾಳೆಯಿಂದ ನಮ್ಮ ಒಲೆ ಬೇರೆ ಎಂದುಬಿಟ್ಟಳು. ಆ ಪುಣ್ಯಾತ್ಮ ನೇರವಾಗಿ ಹೋಗಿ ತಾಯಿಯ ಕಿವಿಗೆ ಹಾಕಿದ.

ಅತ್ತೆ ಬೈಯಲಿಲ್ಲ. ಆಣೆ ಪ್ರಮಾಣ ಮಾಡಲೂ ಹೋಗಲಿಲ್ಲ. ಹಿರಿಯ ಸೊಸೆಯನ್ನು ಕರೆದು, ನಿನ್ನ ಹೋಳನ್ನೂ ಇವಳ ಹಾಗೆ ಸಣ್ಣಗೆ ಹೆಚ್ಚು ಎಂದಳು. ಅವಳು ಗೊಣಗುತ್ತ ಈಳಿಗೆಮಣೆಯ ಮುಂದೆ ಮತ್ತೆ ಕೂತಳು. ಹೆಚ್ಚಿ ಮುಗಿಸಿ ಅಳೆದಳು. ಒಂದು, ಎರಡು, ಮೂರು. ಪಾತ್ರೆ ಖಾಲಿ. ಪಾತ್ರೆಯನ್ನು ಬೋರಲು ಹಾಕಿ ತಟ್ಟಿದಳು, ಮಣೆಯ ಕೆಳಗೆ ಇಣುಕಿ ನೋಡಿದಳು.

"ಅತ್ತೆ, ನನ್ನ ಒಂದು ಸೇರು ಮಾವು ಎಲ್ಲಿ ಹೋಯಿತು?"

"ಇದ್ದರೆ ತಾನೇ ಹೋಗುವುದಕ್ಕೆ? ನೀನು ಹೋಳಿನ ಸಂದಿಯಲ್ಲಿದ್ದ ಗಾಳಿಯನ್ನೂ ಸೇರಿಸಿ ಅಳೆದಿದ್ದೆ, ತಾಯಿ" ಎಂದಳು ಅತ್ತೆ.

ಕಿರಿಯವಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ತಡೆಯಲಾಗಲಿಲ್ಲ. ಹಿರಿಯವಳೂ ನಕ್ಕಳು. ಎರಡು ಪಾಲೂ ಒಂದೇ ಒಲೆಯ ಮೇಲೆ ಕುದಿದವು, ಒಂದೇ ಅಳತೆಯ ಭರಣಿಗಳಲ್ಲಿ ಎರಡು ತವರಿಗೆ ಹೋದವು.

ಕತೆ ಕೇಳಿ ಮಡಿವಾಳಯ್ಯನ ಮುಖ ಅರಳಿತು. ಅವನಿಗೆ ಬೇಕಾದ ಉತ್ತರ ಸಿಕ್ಕೇಬಿಟ್ಟಿತ್ತು. ಹಾಗಾದರೆ ಸೋಮಲಿಂಗನ ಮಾತಿನಲ್ಲಿ ಒಂದು ಪಾಲು ಬರೀ ಗಾಳಿ ಅನ್ನಿ ಎಂದು ಖುಷಿಯಿಂದ ತೊಡೆ ತಟ್ಟಿಕೊಂಡ.

ಗುರುಗಳು ಅವನ ಕಂಕುಳಲ್ಲಿದ್ದ ಗಂಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರು.

"ಇರಬಹುದಪ್ಪ. ಆದರೆ ಅವನು ತನ್ನ ಕಾಯಿಯನ್ನು ದಪ್ಪಗಾದರೂ ಹೆಚ್ಚಿದ್ದಾನೆ, ನಿನಗೆ ಕೊಟ್ಟ ಕಾಯಿ ಇನ್ನೂ ಗಂಟಿನಲ್ಲೇ ಇದೆಯಲ್ಲ?"