ಫಕೀರೇಶ ಇಂಟರ್‌ವ್ಯೂಗೆ ಹೋದದ್ದು

ಗದಗಿನಲ್ಲಿ ಅನಸೂಯಾ ಅಂತ ಒಬ್ಬ ತಾಯಿ. ಸಹಕಾರಿ ಬ್ಯಾಂಕೊಂದರಲ್ಲಿ ಮ್ಯಾನೇಜರು. ಕೌಂಟರಿಗೆ ಬಂದವರ ಮುಖ ನೋಡಿಯೇ ಇವರಿಗೆ ಏನು ಬೇಕು ಅಂತ ಹೇಳುವಷ್ಟು ಜಾಣೆ. ಅವಳಿಗೆ ಒಬ್ಬನೇ ಮಗ, ಫಕೀರೇಶ. ಅವನು ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಮ್ಮಿಯಿಲ್ಲ.

ಒಮ್ಮೆ ಅವನು ಕೊಳೆತ ಟೊಮೆಟೊ ತಂದ. ಅನಸೂಯಾ ಅಂದಳು, "ಏನ ತರೂದಿದ್ರೂ ಒಂದೊಂದನ್ನೂ ಒತ್ತಿ ನೋಡಿ ತಗೋಳಪ್ಪ." ಮರುದಿನ ತತ್ತಿ ತರಲು ಕಳಿಸಿದಳು. ಬರಿಗೈಲಿ ಬಂದ. ಹಿಂದೆಯೇ ಅಂಗಡಿಯವನೂ ಬಂದ.

"ಒಂದೂ ಗಟ್ಟಿ ಇರಲಿಲ್ಲವ್ವ," ಅಂದ ಫಕೀರೇಶ. "ಅದಕ್ಕ ತರಲಿಲ್ಲ."

ಇಂಥವನು ಓದಿನಲ್ಲಿ ಮಾತ್ರ ಹಿಂದೆ ಬೀಳಲಿಲ್ಲ. ಓದು ಅಂದರೆ ಓದಿದ, ಬರೆ ಅಂದರೆ ಬರೆದ, ಪಾಸಾದ. ಆಮೇಲೆ ಒಂದು ಕೆಲಸದ ಮೇಲೆ ಮನಸ್ಸಿಟ್ಟ. ಮೊಬೈಲಿನಲ್ಲಿ ದುಡ್ಡು ಕಳಿಸುವ ಆ್ಯಪ್ ಮಾಡುವ ಕಂಪನಿಗಳು ಆಗ ಹುಬ್ಬಳ್ಳಿಯಲ್ಲೂ ಶುರುವಾಗಿದ್ದವು. ಅಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಅಂತ ಒಬ್ಬ ಇರುತ್ತಾನೆ. ಆ್ಯಪು ಯಾರಿಗೆ ಬೇಕು, ಅವರು ಎಲ್ಲಿ ಎಡವುತ್ತಾರೆ, ಏನು ಮಾಡಿದರೆ ಅವರಿಗೆ ಸಲೀಸು ಅಂತ ಯೋಚಿಸುವುದೇ ಅವನ ಕೆಲಸ. ಹಾಗೆ ಯೋಚಿಸುವ ಬುದ್ಧಿಗೆ ಪ್ರಾಡಕ್ಟ್ ಸೆನ್ಸ್ ಅನ್ನುತ್ತಾರೆ. ಇಂಟರ್‌ವ್ಯೂದಲ್ಲಿ ಕೆದಕಿ ನೋಡುವುದೂ ಅದನ್ನೇ.

"ಅಯ್ಯೋ ನನ್ನಪ್ಪ," ಅಂದಳು ಅನಸೂಯಾ. "ಹೋಗಿ ಹೋಗಿ ಸೆನ್ಸ್ ಕೇಳೂ ಕೆಲಸಕ್ಕ ಹೊಂಟಿಯಲ್ಲೋ."

ಆದರೆ ಅವನಿಗೆ ಅದೇ ಬೇಕು. ತಾಯಿಯ ಬ್ಯಾಂಕಿನ ಕಟ್ಟೆಯ ಮೇಲೆ ಮೊಬೈಲು ಹಿಡಿದು, ಯಾವ ಗುಂಡಿ ಒತ್ತಬೇಕೋ ತಿಳಿಯದೆ, ಕೇಳಲು ನಾಚಿ ಸುಮ್ಮನೆ ಕೂತ ಮುದುಕರನ್ನು ಅವನು ದಿನಾ ನೋಡುತ್ತಿದ್ದ. ನೋಡಿ ನೋಡಿ ಅವನಿಗೆ ಸಂಕಟವಾಗುತ್ತಿತ್ತು. ಅತ್ತ ಅನಸೂಯಾಗೆ ಅದೇ ವರ್ಷ ರಿಟೈರ್ಮೆಂಟ್. ನನ್ನ ಹಿಂದೆ ಇವನ ಗತಿಯೇನು ಅಂತ ಅವಳ ಸಂಕಟ.

"ಆತು, ಹೋಗಿ ಬಾ," ಅಂದಳು. "ಕೇಳಿದ್ದಕ್ಕ ತಡಾ ಮಾಡಬ್ಯಾಡ. ಲಗೂನ ಉತ್ತರ ಕೊಡು."

ಹೋದ. ಹುಬ್ಬಳ್ಳಿಯ ಕಂಪನಿಯಲ್ಲಿ ಇಂಟರ್‌ವ್ಯೂ ಮಾಡುವ ಸಾಹೇಬರು ಬಾಯಿ ತೆರೆದರು. "ವಯಸ್ಸಾದವರಿಗೆ..."

"ಅಕ್ಷರ ದೊಡ್ಡವು ಮಾಡೋಣ್ರಿ."

"ತಾಳಿ. ಹಳ್ಳಿಯಲ್ಲಿ ಇಂಟರ್ನೆಟ್..."

"ಕೊಡೋಣ್ರಿ."

"ನಾನಿನ್ನೂ ಏನೂ..."

"ಆತ್ರಿ, ಮಾಡೋಣ್ರಿ."

ಸಾಹೇಬರು ಬಾಗಿಲು ತೋರಿಸಿದರು. ಬಾಗಿಲಿನಿಂದಾಚೆ ಲಗೂನೇ ಹೋದ.

ಮನೆಯಲ್ಲಿ ಅನಸೂಯಾ ಹಣೆ ಹಿಡಿದುಕೊಂಡಳು. "ನಾ ಹೇಳಿದ್ದೇನು, ನೀ ಮಾಡಿದ್ದೇನು?"

"ನೀ ಹೇಳಿದ್ದ ಮಾಡೀನವ್ವ."

"ಉತ್ತರಾ ಕೊಡೂ ಮೊದಲ ನೀನೂ ಪ್ರಶ್ನೆ ಕೇಳಬೇಕಪ್ಪ. ಇದು ಯಾರಿಗೆ ಬೇಕು, ಯಾಕ ಬೇಕು ಅಂತ ಕೇಳು."

"ಆತವ್ವ, ಇನ್ನ ಹಂಗ ಮಾಡ್ತೀನಿ."

ಮತ್ತೊಂದು ಕಂಪನಿಗೆ ಹೋದ. ಗೇಟಿನಲ್ಲಿ ವಾಚ್‌ಮನ್ ಹೆಸರು ಕೇಳಿದ. "ಯಾರಿಗೆ ಬೇಕು, ಯಾಕ ಬೇಕು?" ಅಂದ ಫಕೀರೇಶ. ವಾಚ್‌ಮನ್ ಕಣ್ಣು ಬಿಟ್ಟ. ಒಳಗೆ ಒಬ್ಬಳು ಹುಡುಗಿ ಚಹಾ ಬೇಕೇ ಅಂತ ಕೇಳಿದಳು. "ಯಾರಿಗೆ, ಯಾಕ?" ಅವಳು ಚಹಾ ವಾಪಸು ಒಯ್ದಳು. ಸಾಹೇಬರು, "ನಿಮ್ಮ ಬಗ್ಗೆ ಸ್ವಲ್ಪ ಹೇಳಿ," ಅಂದರು. "ಯಾರಿಗೆ ಹೇಳಬೇಕ್ರಿ? ಯಾಕ ಹೇಳಬೇಕ್ರಿ?"

"ಬೇಡ ಬಿಡಿ," ಅಂದರು ಅವರು. "ಯಾರಿಗೂ ಹೇಳಬೇಡಿ."

ಊರಿಗೆ ಬಂದು ನಡೆದದ್ದನ್ನು ನಡೆದ ಹಾಗೇ ತಾಯಿಗೆ ಹೇಳಿದ.

"ನಾ ಹೇಳಿದ್ದೇನು, ನೀ ಮಾಡಿದ್ದೇನು?"

"ನೀ ಹೇಳಿದ್ದ ಮಾಡೀನವ್ವ."

"ಬಾಯಿಲೆ ಕೇಳಿದ್ರ ಸಾಲದು, ಫಕೀರಾ. ಆ್ಯಪು ಬಳಸೂ ಮಂದಿ ಜಾಗಾದಾಗ ನಿಂತು ನೋಡಬೇಕು. ಅವರ ತ್ರಾಸು ನಿನ್ನ ತ್ರಾಸು ಆಗಬೇಕು."

"ಆತವ್ವ, ಇನ್ನ ಹಂಗ ಮಾಡ್ತೀನಿ."

ಮುಂದಿನ ಕಂಪನಿಯಲ್ಲಿ ಪ್ರಶ್ನೆ ಕೇಳಿದವಳು ರೋಹಿಣಿ ಕಬ್ಬೂರ ಅನ್ನುವ ಹೆಣ್ಣುಮಗಳು. ಸಮಾಧಾನಿ. "ಸಂತೆಯಲ್ಲಿ ಕಾಯಿಪಲ್ಯ ಮಾರುವವರು ಮೊಬೈಲಿನಲ್ಲಿ ದುಡ್ಡು ತಗೋತಾರೆ," ಅಂದಳು. "ಅವರಿಗೆ ಏನು ತೊಂದರೆ ಇರಬಹುದು? ಯೋಚನೆ ಮಾಡಿ ಹೇಳಿ. ಅವಸರವಿಲ್ಲ."

"ಸ್ವಲ್ಪ ಇರ್ರಿ," ಅಂತ ಫಕೀರೇಶ ಎದ್ದು ಹೋದ. ನೀರು ಕುಡಿಯಲು ಹೋಗಿರಬೇಕು ಅಂದುಕೊಂಡಳು ರೋಹಿಣಿ.

ಅವನು ನೆಟ್ಟಗೆ ಮಾರ್ಕೆಟ್ಟಿಗೆ ಹೋಗಿದ್ದ. ಅಲ್ಲಿ ಖಾಜಾಬಿ ಅನ್ನುವವಳು ಮೆಂತ್ಯೆ ಸೊಪ್ಪು, ಬದನೆಕಾಯಿಗಳ ನಡುವೆ ತಕ್ಕಡಿ ಹಿಡಿದು ಕೂತಿದ್ದಳು. "ಅಮ್ಮಾ, ನಿಮ್ಮ ಜಾಗಾದಾಗ ನಾ ನಿಲ್ಲಬೇಕ್ರಿ," ಅಂದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮುಖದಲ್ಲಿ ಕಪಟ ಕಾಣಲಿಲ್ಲ. ಅವಳಿಗೆ ಮೊಣಕಾಲೂ ನೋಯುತ್ತಿತ್ತು. "ನಿಲ್ಲಪ್ಪ," ಅಂತ ಪಕ್ಕಕ್ಕೆ ಸರಿದಳು.

ಫಕೀರೇಶ ನಿಂತ. ತೂಗಿದ, ಕಟ್ಟಿದ, ಕೊಟ್ಟ. ಬಿಸಿಲಿಗೆ ಸೊಪ್ಪು ಬಾಡದಂತೆ ನೀರು ಚಿಮುಕಿಸಿದ. ಬುಟ್ಟಿ ಬರಿದಾಗುವತನಕ ನಿಂತ. ನಿಲ್ಲು ಅಂತ ತಾಯಿ ಹೇಳಿದ್ದಳು. ತಿರುಗಿ ಹೋಗಿ ಉತ್ತರ ಹೇಳು ಅಂತ ಹೇಳಿರಲಿಲ್ಲ. ಹಾಗಾಗಿ ಅಲ್ಲಿಂದಲೇ ಗದಗಿನ ಬಸ್ಸು ಹಿಡಿದ.

ಅನಸೂಯಾಗೆ ಈ ಸಲ ನಗುವೂ ಬಂತು, ಅಳುವೂ ಬಂತು. "ನಾ ಹೇಳಿದ್ದೇನು, ನೀ ಮಾಡಿದ್ದೇನು? ಮನಸಿನ್ಯಾಗ ನಿಲ್ಲಬೇಕಾಗಿತ್ತಲ್ಲೋ. ಇರಲಿ, ಇನ್ನರ ನೆನಪಿಡು. ಮಂದಿಗೆ ಏನೇನು ಅಡ್ಡ ಬರತೈತಿ ನೋಡು, ಅದನ್ನ ತಗದು ಹಾಕು."

"ಆತವ್ವ, ಇನ್ನ ಹಂಗ ಮಾಡ್ತೀನಿ."

ಮತ್ತೊಂದು ಕಡೆ ಹೋದ. ಕೋಣೆಗೆ ಬರುತ್ತಾ ಸಾಹೇಬರ ಕಾಲು ಕುರ್ಚಿಗೆ ತಾಗಿತು. ಫಕೀರೇಶ ಎದ್ದು ಕುರ್ಚಿಗಳನ್ನೆಲ್ಲ ಹೊರಗಿಟ್ಟು ಬಂದ. ಸಾಹೇಬರು ನಿಂತುಕೊಂಡೇ ಕೇಳಿದರು, "ನಮ್ಮ ಆ್ಯಪಿನಲ್ಲಿ ದುಡ್ಡು ಕಳಿಸೋದು ಇನ್ನೂ ಸಲೀಸಾಗಬೇಕು. ಏನು ಮಾಡ್ತೀರಿ?"

"ಪಿನ್ ಕೇಳೂದು ತಗದು ಹಾಕ್ತೀನ್ರಿ."

"ಪಿನ್ನಾ?"

"ಓಟಿಪಿನೂ ತಗೀತೀನ್ರಿ. ಎಷ್ಟು ಕಳಸಬೇಕು ಅಂತ ಕೇಳೂದೂ ಅಡ್ಡೇರಿ, ಅದನ್ನೂ ತಗೀತೀನಿ. ಒಮ್ಮೆ ಒತ್ತಿದ್ರ ಆತು, ದುಡ್ಡು ಹೋಗಿಬಿಡತೈತಿ."

"ಯಾರಿಗೆ ಹೋಗುತ್ತೆ?"

"ಅದನ್ನ ಕೇಳೂದೂ ತಗದೀನ್ರಿ."

ಸಾಹೇಬರಿಗೆ ಕೂರಬೇಕು ಅನ್ನಿಸಿತು. ಕುರ್ಚಿ ಇರಲಿಲ್ಲ.

ಆ ಸಂಜೆ ಅನಸೂಯಾ ಬೈದಳು, ಜೋರಾಗಿಯೇ ಬೈದಳು. ಫಕೀರೇಶ ತಲೆ ತಗ್ಗಿಸಿ ಕೇಳಿದ. ಆಮೇಲೆ ಮೆಲ್ಲಗೆ ಅಂದ, "ನೀ ಹೇಳಿದ್ದು ಒಂದೂ ನಾ ಬಿಟ್ಟಿಲ್ಲವ್ವ."

ಇಡೀ ಬ್ಯಾಂಕಿನಲ್ಲಿ ಅವಳ ಮಾತನ್ನು ಇಷ್ಟು ನಂಬಿ ನಡೆದವರು ಒಬ್ಬರೂ ಇರಲಿಲ್ಲ. ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಅಂದಳು, "ರೊಕ್ಕದ ಕೆಲಸದಾಗ ಒಂದು ಅಡ್ಡ ಇರಬೇಕಪ್ಪ. ರೊಕ್ಕ ಕೈ ಬಿಡೂ ಮುಂದ ತಡದು, ಖರೇನ, ಇನ್ನೊಮ್ಮೆ ವಿಚಾರ ಮಾಡ್ರಿ ಅಂತ ಕೇಳಬೇಕು. ಇಲ್ಲಂದ್ರ ಮಂದಿ ಮುಳಗ್ತಾರ."

"ಆತವ್ವ, ಇನ್ನ ಹಂಗ ಮಾಡ್ತೀನಿ."

ಅಷ್ಟರಲ್ಲಿ ರೋಹಿಣಿಯಿಂದ ಫೋನು ಬಂತು. ಅವಳು ಮಾರ್ಕೆಟ್ಟಿಗೆ ಹೋದಾಗ, ಇಂಟರ್‌ವ್ಯೂ ಅರ್ಧಕ್ಕೆ ಬಿಟ್ಟು ಸೊಪ್ಪು ಮಾರಿದ ಹುಡುಗನ ಸುದ್ದಿ ಖಾಜಾಬಿಯ ಬಾಯಲ್ಲೇ ಕೇಳಿದ್ದಳು. ಇನ್ನೊಮ್ಮೆ ಬರಲು ಹೇಳಿದಳು. ಫಕೀರೇಶ ಹೋದ.

"ಆವತ್ತು ಅಲ್ಲಿ ಏನು ನೋಡಿದಿರಿ?" ಅಂತ ಕೇಳಿದಳು.

ನೋಡಿದ್ದನ್ನು ಹೇಳುವುದು ಫಕೀರೇಶನಿಗೆ ಕಷ್ಟವೇ ಅಲ್ಲ. "ಖಾಜಾಬಿಯವರ ಎರಡೂ ಕೈ ತಕ್ಕಡಿ ಮ್ಯಾಲೆ ಇರ್ತಾವ್ರಿ. ನೀರಿಗೆ ಕೈ ತೊಯ್ದಿರ್ತಾವ. ಮೊಬೈಲು ಮುಟ್ಟಾಕ ಬರೂದಿಲ್ಲ. ರೊಕ್ಕ ಬಂತು ಅಂತ ಸ್ಪೀಕರ್ ಡಬ್ಬಿ ಒದರತೈತಿ, ಆದ್ರ ಆಟೋ ಸಪ್ಪಳದಾಗ ಕೇಳೂದಿಲ್ಲ. ಕಳಿಸಿದ್ರೇನ್ರಿ ಅಂತ ಎರಡನೇ ಸಲ ಕೇಳಿದ್ರ ಗಿರಾಕಿ ಮುಖ ಸಿಂಡರಸ್ತಾರ. ಅದಕ್ಕ ಅವರು ಕೇಳೂದ ಬಿಟ್ಟಾರ. ಬಂದ್ರ ಬಂತು, ಇಲ್ಲಂದ್ರ ಇಲ್ಲ."

"ಮತ್ತೆ ಏನು ಮಾಡಬೇಕು?"

"ತಕ್ಕಡಿ ಬಾಜೂಕ ಒಂದು ಹಸಿರು ದೀಪ ಹತ್ತಿದ್ರ ಸಾಕ್ರಿ. ರೊಕ್ಕ ಬಂದಾಗ ಹತ್ತಲಿ. ಕತ್ತು ಎತ್ತೂದು ಬ್ಯಾಡ, ಯಾರನ್ನೂ ಕೇಳೂದು ಬ್ಯಾಡ."

ರೋಹಿಣಿ ಪೆನ್ನು ಕೆಳಗಿಟ್ಟಳು. ಆ ಕುರ್ಚಿಯಲ್ಲಿ ಕೂತು ಎಷ್ಟೋ ಮಂದಿ ಅದೇ ಪ್ರಶ್ನೆಗೆ ಚೆಂದದ ಉತ್ತರ ಹೇಳಿ ಹೋಗಿದ್ದರು. ಖಾಜಾಬಿಯ ನಾಚಿಕೆಯನ್ನು ಕಂಡವನು ಇವನೊಬ್ಬನೇ.

"ಕೆಲಸ ನಿಮ್ಮದು," ಅಂದಳು. "ಸೋಮವಾರದಿಂದ ಬನ್ನಿ."

ಫಕೀರೇಶ ಅಂಗೈ ಅಡ್ಡ ಹಿಡಿದ. "ಖರೇನ್ರಿ? ಇನ್ನೊಮ್ಮೆ ವಿಚಾರ ಮಾಡ್ರಿ."

ರೋಹಿಣಿ ವಿಚಾರ ಮಾಡಿದಳು. ನಗು ತಡೆಯುತ್ತಾ, "ಖರೇನೇ," ಅಂದಳು. ಮೇಜಿನ ಮೇಲಿದ್ದ ಕಂಪನಿಯ ಮೊಬೈಲು ಅವನ ಕೈಗೆ ಕೊಟ್ಟಳು. "ನಮ್ಮ ಹೊಸ ಆ್ಯಪು ಇದರಲ್ಲಿದೆ. ಇನ್ನೂ ಹೆಸರಿಟ್ಟಿಲ್ಲ. ಇವತ್ತಿನಿಂದ ಇದು ನಿಮ್ಮ ಕೂಸು ಅಂತ ತಿಳಿದು ನೋಡಿಕೊಳ್ಳಿ."

"ಆತ್ರಿ, ಹಂಗ ಮಾಡ್ತೀನಿ," ಅಂದ ಫಕೀರೇಶ.

ಸೋಮವಾರ ಬೆಳಗ್ಗೆ ಆಫೀಸಿನವರೆಲ್ಲ ಬಾಗಿಲಿಗೆ ಬಂದು ನಿಂತರು. ಮುಂದೆ ಫಕೀರೇಶ, ಹೆಗಲ ಮೇಲೆ ಮರದ ತೊಟ್ಟಿಲು. ಹಿಂದೆ ಅನಸೂಯಾ, ಕೈಯಲ್ಲಿ ತೊಟ್ಟಿಲ ಶಾಸ್ತ್ರಕ್ಕೆ ಹಂಚುವ ಗುಗ್ಗರಿ ತುಂಬಿದ ಬುಟ್ಟಿ. ಆಫೀಸಿನಲ್ಲಿ ಕೂಸಿಗೆ ಹೆಸರಿಡುತ್ತಾರೆ ಅಂತ ಮಗ ಹೇಳಿದ್ದ. ರೋಹಿಣಿಯ ಕೂಸಿರಬೇಕು ಅಂತ ಅವಳು ಜರಿ ಸೀರೆ ಉಟ್ಟು ಬಂದಿದ್ದಳು.

"ಕೂಸು ಎಲ್ಲೈತೋ?" ಅಂದಳು.

ಫಕೀರೇಶ ತೊಟ್ಟಿಲು ಇಳಿಸಿದ. ಒಳಗೆ ಮೆತ್ತನೆಯ ಕುಲಾವಿ, ಕುಲಾವಿಯೊಳಗೆ ಮೊಬೈಲು, ಅದರ ಗಲ್ಲಕ್ಕೊಂದು ದೃಷ್ಟಿಬೊಟ್ಟು. ಅಷ್ಟರಲ್ಲಿ ಅದು ಕುಂಯ್ ಕುಂಯ್ ಅಂತು. ಫಕೀರೇಶ ಗಾಬರಿಯಾಗಿ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದ.

"ಸ್ವಲ್ಪ ಮೆಲ್ಲಗ ಮಾತಾಡ್ರಿ," ಅಂದ ಎಲ್ಲರಿಗೂ. "ರಾತ್ರಿಯೆಲ್ಲಾ ಚಾರ್ಜಿಗೆ ಹಚ್ಚೀನಿ, ಹೊಟ್ಟಿ ತುಂಬೇತಿ. ನಿದ್ದಿಗೆ ಅಳಾಕತ್ತೈತಿ."