ನಾಲ್ಕು ಕಾಲೂ ಎಳೆಯುವ ಗಾಡಿ

ಹ್ಞೂಂ ಅನ್ನುವವರು ಒಬ್ಬರಿದ್ದರೆ ಸಾಕು, ಕತೆ ತಾನಾಗಿ ನಡೆಯುತ್ತದೆ. ಹ್ಞೂಂ ಅನ್ನಿ.

ಕೊಳಗಮರಡಿ ಅಂತ ಒಂದು ಊರು. ಬೆಟ್ಟದ ನೆತ್ತಿಯ ಮೇಲೆ ನಲವತ್ತು ಮನೆ. ಕೆಳಗಿನ ಆಸ್ಪತ್ರೆಗೆ ಹತ್ತು ಮೈಲಿ. ಹತ್ತು ಮೈಲಿಯೂ ಕಲ್ಲು, ಗುಂಡಿ, ನಡುವೆ ಎರಡು ಹಳ್ಳ. ಆದರೆ ಬೆಟ್ಟದ ಬುಡದಲ್ಲಿ ಒಂದು ತಗಡಿನ ಬೋರ್ಡು: "ಕೊಳಗಮರಡಿ ರಸ್ತೆ ಕಾಮಗಾರಿ ಪೂರ್ಣಗೊಂಡಿದೆ." ರಸ್ತೆ ಬರಲಿಲ್ಲ, ಬೋರ್ಡು ಬಂತು.

ಆ ಊರಲ್ಲಿ ಚಿಕ್ಕತಾಯಮ್ಮ ಅಂತ ಸೂಲಗಿತ್ತಿ. ಅವಳ ಹಿರಿಮಗಳು ಹೆರಿಗೆ ಕಷ್ಟವಾಗಿ, ಡೋಲಿಯಲ್ಲಿ ಹೊತ್ತು ಇಳಿಸುವಾಗ ಏಳನೇ ತಿರುವಿನಲ್ಲಿ ಸತ್ತಳು. ಈಗ ಕಿರಿಮಗಳು ಸಾಕಮ್ಮ ಬಸುರಿ. ಮಗು ಅಡ್ಡ ಮಲಗಿದೆ ಅಂತ ಚಿಕ್ಕತಾಯಮ್ಮನ ಕೈಗೆ ಗೊತ್ತಾಯಿತು. ಇವಳನ್ನೂ ಡೋಲಿಗೆ ಕೊಡೋದಿಲ್ಲ ಅಂದಳು. ಊರೆಲ್ಲ ರಾಗಿ ಮಾರಿ, ಆಡು ಮಾರಿ, ಒಂದು ಹಳೇ ಗಾಡಿ ಕೊಳ್ಳೋಣ ಅಂದಿತು. ನಾಲ್ಕೂ ಚಕ್ರ ಎಳೆಯುವ ಗಾಡಿ, ಹಿಂದೆ ಒಬ್ಬರು ಮಲಗುವಷ್ಟು ಉದ್ದದ್ದು.

ಓಡಿಸೋರು ಯಾರು? ಊರಲ್ಲಿ ಸ್ಟೇರಿಂಗ್ ಹಿಡಿದವನು ಒಬ್ಬನೇ, ಚಿಕ್ಕತಾಯಮ್ಮನ ಮಗ ಸಣ್ಣೀರ. ಕಲ್ಲು ಕ್ವಾರಿಯಲ್ಲಿ ಟ್ರ್ಯಾಕ್ಟರ್ ಓಡಿಸಿದ್ದ. ಕೈ ಬುದ್ಧಿವಂತ, ತಲೆ ಪೆದ್ದು. ಮೂವತ್ತು ವರ್ಷವಾದರೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಈ ದೇಶದಲ್ಲಿ ಅದಕ್ಕಿಂತ ದೊಡ್ಡ ಪೆದ್ದತನ ಇನ್ನೊಂದಿಲ್ಲ.

"ಲೋ ಸಣ್ಣೀರ, ಎತ್ತು ಕೊಳ್ಳೋವಾಗ ನೋಡ್ದಂಗೆ ನೋಡು" ಅಂದಳು ಅವ್ವ. "ಮೈಬಣ್ಣ ನೋಡ್ಬೇಡ. ಹಲ್ಲು ನೋಡು. ನಾಲ್ಕು ಕಾಲೂ ಊರಿ ಎಳೀತದಾ ನೋಡು."

"ಸರಿ ಕಣವ್ವಾ, ಹಂಗೇ ಮಾಡ್ತೀನಿ."

ಹೋದ. ಪೇಟೆಯಲ್ಲಿ ಹಳೇ ಗಾಡಿ ಮಾರುವ ದಲ್ಲಾಳಿಯ ಅಂಗಳದ ಬಾಗಿಲಲ್ಲೇ ಟವಲ್ ತೆಗೆದು ಕಣ್ಣಿಗೆ ಕಟ್ಟಿಕೊಂಡ.

"ಇದ್ಯಾಕಪ್ಪಾ?" ಅಂದ ದಲ್ಲಾಳಿ.

"ಮೈಬಣ್ಣ ನೋಡ್ಬಾರ್ದು."

ದಲ್ಲಾಳಿಗೆ ಹಬ್ಬ. ಕೈ ಹಿಡಿದು ಥಳಥಳಿಸುವ ಕೆಂಪು ಗಾಡಿಯ ಹತ್ತಿರ ಕರೆದುಕೊಂಡು ಹೋದ. ಸಣ್ಣೀರ ಗಾಡಿಯ ಮುಂದಿನ ಜಾಲರಿಗೆ ಕೈ ಹಾಕಿ ತಡವಿದ. "ಹಲ್ಲೆಲ್ಲಾ ಹೊಸಾವು. ದುಡಿದಿಲ್ಲ ಇದು. ಎಲ್ಲಿ, ಮರಳಿಗೆ ಇಳಿಸು."

ಪಕ್ಕದಲ್ಲೇ ಮರಳಿನ ಗುಡ್ಡೆ. ಗಾಡಿ ಇಳಿಸಿದರು. ಸಣ್ಣೀರ ಮಗ್ಗುಲಲ್ಲಿ ಕೂತು ಚಕ್ರ ಚಕ್ರಕ್ಕೂ ಅಂಗೈ ಒಡ್ಡಿದ. ಹಿಂದಿನ ಚಕ್ರಗಳು ಕೈಗೆ ಮರಳು ಎರಚಿದವು. ಮುಂದಿನವು ಸುಮ್ಮನೆ ನಿಂತಿದ್ದವು.

"ಮುಂಗಾಲು ಎರಡೂ ಸತ್ತೋಗವೆ!"

"ಏಯ್ ಹುಚ್ಚಾ! ಬಾಯಿ ಮುಚ್ಚು!" ಅಂತ ದಲ್ಲಾಳಿ ಕೂಗಿದ.

ಎದುರಿನ ಗಾಡಿ ರಿಪೇರಿ ಶೆಡ್ಡಿನ ದಾವೂದ್ ಮೇಸ್ತ್ರಿ ನಗುತ್ತಾ ಬಂದು ಗಾಡಿಯ ಕೆಳಗೆ ತೂರಿ ನೋಡಿದ. ಮುಂದಿನ ಚಕ್ರಕ್ಕೆ ಹೋಗುವ ಶಾಫ್ಟೇ ಇರಲಿಲ್ಲ. ಬಿಚ್ಚಿ ಮಾರಿಕೊಂಡಿದ್ದರು. ಮೊದಲು ಕಣ್ಣು ಬಿಟ್ಟುಕೊಂಡು ಕೊಳ್ಳಲು ಬಂದಿದ್ದ ಹತ್ತು ಜನ ಬುದ್ಧಿವಂತರು ಅದನ್ನು ನೋಡಿರಲಿಲ್ಲ!

ಬೇಲಿಯ ಮೂಲೆಯಲ್ಲಿ ಇನ್ನೊಂದಿತ್ತು. ಜಾಲರಿಯಲ್ಲಿ ಎರಡು ಹಲ್ಲು ಬಿದ್ದಿದ್ದವು. ಮರಳಿಗಿಳಿಸಿದರೆ ನಾಲ್ಕು ಕಾಲಲ್ಲೂ ಮರಳು ಎರಚಿತು, ದಲ್ಲಾಳಿಯ ಬಾಯಿಗೂ ಬಿತ್ತು. "ಇದೇ ಕೊಡು" ಅಂದ ಸಣ್ಣೀರ. ಕೊಂಡಮೇಲೆ ಟವಲ್ ಬಿಚ್ಚಿದ. ಒಂದು ಬಾಗಿಲು ಹಸಿರು, ಒಂದು ಬಿಳಿ, ಹಿಂದೆ ನೆಲದಲ್ಲಿ ತುಕ್ಕು ಹಿಡಿದ ತೂತು.

ಬೆಟ್ಟ ಹತ್ತಿಸಿದ. ಊರು ಮುಟ್ಟುವಾಗ ಗಾಡಿ ಮೂಗಿನಿಂದ ಹೊಗೆ ಬಿಡುತ್ತಿತ್ತು.

"ಅಯ್ಯೋ ನನ್ನ ಕರ್ಮವೇ! ನೀರು ಬತ್ತೋಗದೆ!" ಅವ್ವ ಹಣೆ ಚಚ್ಚಿಕೊಂಡಳು. "ದುಡಿದು ಬಂದ ಎತ್ತಿಗೆ ನೀರು ಕುಡಿಸಲ್ವೇನೋ? ಇನ್ಮೇಲೆ ಖಾಲಿಯಾಗದೆ ಅಂದ್ರೆ ನೀರು ತುಂಬು!"

"ಸರಿ ಕಣವ್ವಾ, ಹಂಗೇ ಮಾಡ್ತೀನಿ."

ನಾಲ್ಕು ದಿನಕ್ಕೆ ಡೀಸೆಲ್ ಮುಳ್ಳು ಕೆಳಗೆ ಬಿತ್ತು. ಖಾಲಿಯಾಗಿದೆಯಲ್ಲ! ಹೆಂಗಸರು ಬುಗ್ಗೆಯಿಂದ ಹೊತ್ತು ತಂದಿದ್ದ ಎರಡು ಕೊಡ ನೀರನ್ನು ಡೀಸೆಲ್ ಟ್ಯಾಂಕಿಗೆ ಸುರಿದ.

ಗಾಡಿ ಒಂದು ಸಲ ಕೆಮ್ಮಿತು. ಮಲಗಿತು.

"ನಮ್ಮ ಸೊಂಟ ಮುರಿದು ತಂದ ನೀರು ಕಣೋ!" ಅಂತ ಹೆಂಗಸರು.

"ಅಣ್ಣಾ, ನನ್ನನ್ನ ಕೊಲ್ತೀಯ ನೀನು" ಅಂತ ಸಾಕಮ್ಮ. ಅವಳು ನಗುತ್ತಲೇ ಅಂದಳು. ಹೊಟ್ಟೆಯ ಮೇಲೆ ಕೈ ಇತ್ತು, ಕಣ್ಣಲ್ಲಿ ಭಯವಿತ್ತು.

ದಾವೂದ್ ಮೇಸ್ತ್ರಿಗೆ ಸುದ್ದಿ ಹೋಯಿತು. ಸ್ಪ್ಯಾನರುಗಳ ಚೀಲ ಹೆಗಲಿಗೇರಿಸಿಕೊಂಡು ಹತ್ತು ಮೈಲಿ ನಡೆದೇ ಬಂದ. ಟ್ಯಾಂಕ್ ಬಿಚ್ಚಿ ಒಣಗಿಸಿದ. ಎರಡು ದಿನ ರಾಗಿ ಮುದ್ದೆ ಉಂಡು ದುಡಿದ, ಕೂಲಿ ಕೇಳಲಿಲ್ಲ. ಹೋಗುವಾಗ ಹೇಳಿದ: "ನೋಡು ಸಣ್ಣೀರಣ್ಣ, ಒಂದೊಂದು ಬಾಯಿಗೆ ಒಂದೊಂದು ಊಟ. ಗಾಡಿ ತಾನೇ ಹೇಳ್ತದೆ, ಕಿವಿ ಕೊಡು. ಕಿರ್ ಅಂತ ಕೂಗಿದ ಕಡೆ ಎಣ್ಣೆ ಬಿಡು."

"ಕೇಳುಸ್ಕೊಂಡ್ಯಾ, ಪೆದ್ದೇ? ಕೂಗಿದ ಕಡೆ ಎಣ್ಣೆ!" ಅಂದಳು ಅವ್ವ.

"ಸರಿ ಕಣವ್ವಾ, ಹಂಗೇ ಮಾಡ್ತೀನಿ."

ಹಸಿರು ಬಾಗಿಲು ಕಿರ್ ಅಂತು. ಎಣ್ಣೆ ಬಿಟ್ಟ. ಸರಿಹೋಯಿತು. ಬಿಳಿ ಬಾಗಿಲು ಕಿರ್ ಅಂತು. ಎಣ್ಣೆ ಬಿಟ್ಟ. ಸರಿಹೋಯಿತು. ಮಾರನೇ ದಿನ ಬ್ರೇಕ್ ಕಿರ್ ಅಂತು. ಒಂದು ಸೀಸೆ ಹರಳೆಣ್ಣೆಯನ್ನು ನಾಲ್ಕೂ ಚಕ್ರದ ಬ್ರೇಕಿಗೆ ಹಂಚಿ ಕುಡಿಸಿದ!

ಡೀಸೆಲ್ ತರಲು ಒಬ್ಬನೇ ಇಳಿದ. ಕಡೇ ತಿರುವಿನಲ್ಲಿ ಬ್ರೇಕ್ ಒತ್ತಿದ. ಬ್ರೇಕ್ ಕೂಗಲಿಲ್ಲ. ಗಾಡಿ ನಿಲ್ಲಲೂ ಇಲ್ಲ. ನೆಟ್ಟಗೆ ಹೋಗಿ ಗುದ್ದಿತು. ಯಾವುದಕ್ಕೆ? "ಕಾಮಗಾರಿ ಪೂರ್ಣಗೊಂಡಿದೆ" ಬೋರ್ಡಿಗೆ! ಬೋರ್ಡು ಕಾಲು ಸಮೇತ ಕಿತ್ತು ಬಂತು. ಊರವರು ಹತ್ತು ವರ್ಷ ಅರ್ಜಿ ಕೊಟ್ಟು ಅಲ್ಲಾಡಿಸಲಾಗದ ಬೋರ್ಡದು.

ದಾವೂದ್ ಬಂದು ಬ್ರೇಕ್ ಬಿಚ್ಚಿ ತೊಳೆದ. ಸಣ್ಣೀರ ಬೋರ್ಡನ್ನು ಗಾಡಿಗೆ ಹಾಕಿಕೊಂಡು ಊರಿಗೆ ಬಂದ.

"ಬ್ರೇಕಿಗೆ ಎಣ್ಣೆ ಹಾಕ್ತಾರೇನೋ! ಹರಳೆಣ್ಣೆ ನಿನ್ನ ತಲೆಗೆ ತಟ್ಟಬೇಕಾಗಿತ್ತು ನಾನು!" ಅಂದಳು ಅವ್ವ. "ತಂದಿದ್ದು ತಂದೆ, ಆ ತಗಡನ್ನ ಹಿಂದೆ ತೂತಿನ ಮೇಲೆ ಹಾಸು, ಮಲಗೋಕಾಯ್ತದೆ. ಇನ್ಮೇಲೆ ಗಾಡಿ ನಿಲ್ಲಿಸಿದ ಕಡೆ ನಾಲ್ಕು ಚಕ್ರಕ್ಕೂ ಕಲ್ಲು ಕೊಡು. ಮರೆತೀಯ!"

"ಸರಿ ಕಣವ್ವಾ, ಹಂಗೇ ಮಾಡ್ತೀನಿ." ನಾಲ್ಕು ದಪ್ಪ ಕಲ್ಲು ಆರಿಸಿ ಗಾಡಿಯಲ್ಲೇ ಇಟ್ಟುಕೊಂಡ.

ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ಸಾಕಮ್ಮನಿಗೆ ನೋವು ಶುರುವಾಯಿತು. ನೋವಿಗಿಂತ ಮೊದಲು ರಕ್ತ ಕಂಡಿತು. ಚಿಕ್ಕತಾಯಮ್ಮನ ಮುಖ ಬೂದಿಯಾಯಿತು. ಬೋರ್ಡಿನ ಮೇಲೆ ಕಂಬಳಿ ಹಾಸಿ ಮಗಳನ್ನು ಮಲಗಿಸಿದಳು. ತಾನೂ ಹತ್ತಿ ಕೂತಳು.

"ಸಣ್ಣೀರ! ಎಲ್ಲೂ ನಿಲ್ಲಿಸ್ಬೇಡ! ಡಾಕ್ಟ್ರಮ್ಮನ ಮುಖ ಕಾಣೋವರ್ಗೂ ನಿಲ್ಲಿಸ್ಬೇಡ!"

"ಸರಿ ಕಣವ್ವಾ, ಹಂಗೇ ಮಾಡ್ತೀನಿ."

ಮಾಡಿದ. ಮೊದಲ ಹಳ್ಳದಲ್ಲಿ ನೀರು ಬಾಗಿಲವರೆಗೆ ಬಂತು. ನಾಲ್ಕು ಕಾಲೂ ಎಳೆದವು. ಎರಡನೇ ಹಳ್ಳದ ಕೆಸರಲ್ಲಿ ಗಾಡಿ ಮುಗ್ಗರಿಸಿತು. ನಾಲ್ಕು ಕಾಲೂ ಎಳೆದವು. ಏಳನೇ ತಿರುವು ಬಂದಾಗ ಚಿಕ್ಕತಾಯಮ್ಮ ಕಣ್ಣು ಮುಚ್ಚಿದಳು. "ದಾಟ್ತಾ?" ಅಂದಳು. "ದಾಟ್ತು ಕಣವ್ವಾ" ಅಂದ ಸಣ್ಣೀರ.

ಆಸ್ಪತ್ರೆ ಬಂತು. ಗೇಟಿನವನು ಕೈ ಅಡ್ಡ ಹಿಡಿದ. ಅವನು ಡಾಕ್ಟ್ರಮ್ಮ ಅಲ್ಲ. ಸಣ್ಣೀರ ನಿಲ್ಲಿಸಲಿಲ್ಲ. ಮೆಟ್ಟಿಲ ಬುಡದಲ್ಲಿ ಚೀಟಿ ಕೊಡುವವನು "ಚೀಟಿ! ಚೀಟಿ!" ಅಂದ. ಅವನೂ ಡಾಕ್ಟ್ರಮ್ಮ ಅಲ್ಲ. ಮುಂದೆ ಐದು ಅಗಲದ ಮೆಟ್ಟಿಲು. ನಾಲ್ಕು ಕಾಲೂ ಎಳೆದವು! ಗಾಡಿ ಮೆಟ್ಟಿಲು ಹತ್ತಿತು. ಬೆಂಚುಗಳು ಉರುಳಿದವು, ಕೂತವರು ಗೋಡೆಗಂಟಿದರು. ಜಗಲಿಯ ಕೊನೆಯ ಕೋಣೆಯಿಂದ ಡಾಕ್ಟ್ರಮ್ಮ ಓಡಿ ಬಂದಳು. ಮುಖ ಕಂಡಿತು. ಸಣ್ಣೀರ ನಿಲ್ಲಿಸಿದ. ಇಳಿದು ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟ.

"ಏನಯ್ಯಾ ಇದು! ಇದು ರಸ್ತೆಯೇನಯ್ಯಾ?"

"ಅಲ್ವಾ ಡಾಕ್ಟ್ರಮ್ಮಾ? ನಮ್ಮೂರ ರಸ್ತೆಗಿಂತ ಚೆನ್ನಾಗದೆ. ಅದಕ್ಕೇ ರಸ್ತೆ ಅನ್ಕೊಂಡೆ."

ಡಾಕ್ಟ್ರಮ್ಮ ಇನ್ನೂ ಬೈಯುವವಳಿದ್ದಳು. ಹಿಂದಿನ ಬಾಗಿಲು ತೆಗೆದು ಸಾಕಮ್ಮನನ್ನು ನೋಡಿದಳು. "ಎತ್ತಿ! ಹಾಗೇ ಎತ್ತಿ!" ಅಂದಳು. ನಾಲ್ಕು ಜನ ಬೋರ್ಡು ಸಮೇತ ಎತ್ತಿಕೊಂಡು ಹೋದರು.

ಎರಡು ಗಂಟೆಯ ಮೇಲೆ ಮಗು ಅತ್ತಿತು. ಹೆಣ್ಣು. ತಾಯಿಯ ಜೀವವೂ ಉಳಿಯಿತು. "ಅರ್ಧ ಗಂಟೆ ತಡವಾಗಿದ್ರೆ ಇಬ್ಬರೂ ಇಲ್ಲ" ಅಂದಳು ಡಾಕ್ಟ್ರಮ್ಮ. ಚಿಕ್ಕತಾಯಮ್ಮ ನೆಲದ ಮೇಲೆ ಕೂತುಬಿಟ್ಟಳು.

ಅಷ್ಟರಲ್ಲಿ ರಸ್ತೆ ಮಾಡಿಸುವ ಸರ್ಕಾರಿ ಸಾಹೇಬರು ಬಂದರು. ಹೆಂಗಸು ರಕ್ತದಲ್ಲಿ ಬಂದಳು ಅಂತ ಬಂದವರಲ್ಲ. ಬೋರ್ಡು ಸಿಕ್ಕಿತು ಅಂತ ಬಂದವರು.

"ಸರ್ಕಾರಿ ಬೋರ್ಡು ಕಿತ್ತಿದ್ದೀಯ! ಜೈಲಿಗೆ ಹಾಕಿಸ್ತೀನಿ! ಇವತ್ತೇ, ನಾವು ಎಲ್ಲಿ ರಸ್ತೆ ಮಾಡಿದ್ದೀವೋ ಅಲ್ಲೇ ನೆಟ್ಟು ಬರಬೇಕು. ತಿಳೀತಾ?"

"ಸರಿ ಬುದ್ಧೀ, ಹಂಗೇ ಮಾಡ್ತೀನಿ."

ಬೋರ್ಡು ತೊಳೆದು ಗಾಡಿಗೆ ಹಾಕಿಕೊಂಡು ಹೊರಟ. ಬೆಟ್ಟದ ಬುಡಕ್ಕೆ ಹೋಗಿ ನೋಡಿದ. ಅಲ್ಲಿ ರಸ್ತೆ ಮಾಡಿರಲಿಲ್ಲ. ತಿರುವು ತಿರುವಿನಲ್ಲೂ ಇಳಿದು ನೋಡಿದ. ಮಾಡಿರಲಿಲ್ಲ. ತಿರುಗಿ ಪೇಟೆಗೆ ಬಂದ. ಸಂತೆ ಬೀದಿ ನೋಡಿದ, ಶಾಲೆ ಬೀದಿ ನೋಡಿದ, ಬರೀ ಗುಂಡಿ. ಪೆದ್ದನಿಗೆ ಅಳು ಬಂತು. ಎಲ್ಲಿ ಮಾಡಿದ್ದಾರಪ್ಪಾ ಇವರು ರಸ್ತೆ?

ಸಂಜೆ ಹೊತ್ತಿಗೆ ಒಂದು ಬೀದಿಗೆ ತಿರುಗಿದ. ಚಕ್ರ ಸದ್ದೇ ಮಾಡಲಿಲ್ಲ! ಕನ್ನಡಿಯಂಥ ತಾರು, ಎರಡು ಕಡೆ ದೀಪದ ಕಂಬ. "ಇಲ್ಲೇ ಕಣಪ್ಪಾ ಇರೋದು!" ಅಂತ ಕುಣಿದ. ರಸ್ತೆಯ ಕೊನೆಯಲ್ಲಿ ದೊಡ್ಡ ಮನೆ, ದೊಡ್ಡ ಗೇಟು. ಗೇಟಿನ ನಟ್ಟನಡುವೆ ಗುಂಡಿ ತೋಡಿ ಬೋರ್ಡು ನೆಟ್ಟ. ಬೀಳಬಾರದು ಅಂತ ಬುಡಕ್ಕೆ ನಾಲ್ಕು ಕಲ್ಲೂ ಕೊಟ್ಟ.

ಕತ್ತಲಾಗುವ ಮುಂಚೆ ಸಾಹೇಬರ ಕಾರು ಬಂದು ಆ ಬೋರ್ಡಿನ ಮುಂದೆ ನಿಂತಿತು. ಮನೆ ಅವರದೇ. ಒಳಗೆ ಹೋಗಲು ಜಾಗವಿರಲಿಲ್ಲ. ಬೀದಿಯ ಜನ ಸೇರಿದರು. ಓದು ಬಂದವರು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿದರು: "ಕೊಳಗಮರಡಿ ರಸ್ತೆ ಕಾಮಗಾರಿ ಪೂರ್ಣಗೊಂಡಿದೆ."

ಸಣ್ಣೀರ ಆಸ್ಪತ್ರೆಗೆ ವಾಪಸು ಬಂದು ಎಲ್ಲಿ ನೆಟ್ಟೆ ಅಂತ ಅವ್ವನಿಗೆ ಹೇಳಿದ. ಹೇಳಿ, ಬೈಗುಳಕ್ಕೆ ತಲೆ ತಗ್ಗಿಸಿ ನಿಂತ.

ಚಿಕ್ಕತಾಯಮ್ಮ ಮೊಮ್ಮಗಳನ್ನು ಮಡಿಲಲ್ಲಿ ಸರಿಮಾಡಿಕೊಂಡಳು.

"ಆಳವಾಗಿ ನೆಟ್ಟಿದ್ದೀಯ ತಾನೆ?"

"ಮೂರಡಿ ಕಣವ್ವಾ."

ಹ್ಞೂಂ ಅನ್ನಿ.